ತುಕ್ಕಿನ ವಿಚಾರ

ಕಲಾಯಿ, ಸಾಣೆ, ತೇಪೆ, ಹೂಳು, ಕೌದಿ — ಈ ಐದು ಮಾತುಗಳಿಗೆ ಒಂದು ನೆಂಟಸ್ತಿಕೆಯಿದೆ. ಐದೂ ಇರುವುದನ್ನು ಉಳಿಸಿಕೊಳ್ಳುವ ಕೆಲಸಕ್ಕೆ ಸಂಬಂಧಪಟ್ಟವು. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರು. ಮೊಂಡಾದ ಕತ್ತಿಗೆ ಸಾಣೆ ಹಿಡಿಸುತ್ತಿದ್ದರು. ಹರಿದ ಅಂಗಿಗೆ ತೇಪೆ ಹಚ್ಚುತ್ತಿದ್ದರು. ಬೇಸಿಗೆಯಲ್ಲಿ ಕೆರೆಯ ಹೂಳೆತ್ತುತ್ತಿದ್ದರು. ಸವೆದ ಸೀರೆಗಳನ್ನು ಪದರಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತಿದ್ದರು. ಕನ್ನಡ ಕಲಿಸುವ ವೃತ್ತಿಯವನಾದ ನನಗೆ ಈಚಿನ ವರ್ಷಗಳಲ್ಲಿ ಕಂಡುಬಂದ ಸಂಗತಿಯೆಂದರೆ, ತರಗತಿಯಲ್ಲಿ ಇವುಗಳಲ್ಲಿ ಎರಡು ಮೂರಕ್ಕಾದರೂ ಅರ್ಥ ಹೇಳಬೇಕಾಗುತ್ತದೆ. ಮಾತು ಮರೆತರೆ ನಿಘಂಟಿದೆ. ಮಾತಿನ ಹಿಂದಿದ್ದ ನಡತೆ ಮರೆತುಹೋದರೆ ಅದನ್ನು ಎಲ್ಲಿ ಹುಡುಕುವುದು ಎಂಬುದೇ ನನ್ನ ಚಿಂತೆ.

ನಾವು ಬಳಸುವ ವಸ್ತುಗಳ ವಿಷಯದಲ್ಲಿ ನಮಗೆ ಕರ್ತವ್ಯವೇನಾದರೂ ಉಂಟೆ? ಮನುಷ್ಯರ ವಿಷಯದಲ್ಲಿ ಉಂಟೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ದನಕರುಗಳ ವಿಷಯದಲ್ಲೂ ಉಂಟೆಂದು ಬಹುಮಂದಿ ಒಪ್ಪುವರು. ಅವಕ್ಕೆ ನೋವು ತಿಳಿಯುತ್ತದೆ. ಆದರೆ ಕಬ್ಬಿಣಕ್ಕೆ ನೋವಿಲ್ಲ, ನೂಲಿಗೆ ದುಃಖವಿಲ್ಲ. ಹಣ ಕೊಟ್ಟು ಕೊಂಡದ್ದನ್ನು ಹಾಳುಮಾಡಿಕೊಳ್ಳಲು ಯಾರ ಅಪ್ಪಣೆ ಬೇಕು? ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಅದು ಸಣ್ಣದಲ್ಲವೆಂದು ತೋರಿಸುವುದು ಈ ಲೇಖನದ ಉದ್ದೇಶ. ಮೊದಲು ನಿಜವಾಗಿಯೂ ಸಣ್ಣದಾದ ಒಂದು ವಸ್ತುವಿನಿಂದ ಆರಂಭಿಸುತ್ತೇನೆ.

ನನ್ನ ಸ್ನೇಹಿತರೊಬ್ಬರು ಹುಟ್ಟಿದ್ದು ಕಾರವಾರದ ಕಡೆ, ಉದ್ಯೋಗ ಕೊಪ್ಪಳದಲ್ಲಿ. ವಾರವೆಲ್ಲ ಲೆಕ್ಕಪತ್ರಗಳಲ್ಲಿ ಮುಳುಗಿರುವ ಈ ಗೃಹಸ್ಥರಿಗೆ ಇರುವ ಒಂದೇ ಚಟವೆಂದರೆ ಸಮುದ್ರದಲ್ಲಿ ಗಾಳ ಹಾಕುವುದು. ರಜೆಗೆ ಊರಿಗೆ ಹೋದಾಗ ಕಡಲಂಚಿನ ಬಂಡೆಯ ಮೇಲೆ ನಿಂತು ತಮ್ಮ ಆಸೆ ತೀರಿಸಿಕೊಳ್ಳುತ್ತಾರೆ. ಹಿಂದಿರುಗಿದ ಮೇಲೆ, ಕಡಲಿನಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರವಿರುವ ನಮ್ಮ ಬಿಸಿಲೂರಿನ ಪಡಸಾಲೆಯಲ್ಲಿ ಹಳೆಯ ಪಂಚೆಯೊಂದನ್ನು ಹಾಸಿ, ಗಾಳದ ರೀಲನ್ನು ಬಿಚ್ಚಿಕೊಂಡು ಕೂಡುತ್ತಾರೆ.

ರೀಲೆಂದರೆ ಗಾಳದ ಕೋಲಿಗೆ ಕಟ್ಟಿದ, ದಾರ ಸುತ್ತುವ ಯಂತ್ರ. ಅದೇನೂ ನಿನ್ನೆಯ ವಸ್ತುವಲ್ಲ. ಚೀನದ ಮಾ ಯುವಾನನು ಕ್ರಿ. ಶ. ೧೧೯೫ರ ಸುಮಾರಿಗೆ ಬರೆದ ಚಿತ್ರವೊಂದರಲ್ಲಿ, ಸರೋವರದ ನಡುವೆ ಒಂಟಿ ದೋಣಿಯಲ್ಲಿ ಕುಳಿತವನ ಕೋಲಿಗೆ ಅಂಥ ರಾಟೆಯಿದೆ. ಇಂದಿನ ರೀಲಿನ ಹೊಟ್ಟೆಯಲ್ಲಿ ಹಲ್ಲಿನ ಚಕ್ರಗಳಿವೆ, ಕಡಲೆಗಿಂತ ಚಿಕ್ಕ ಗುಂಡುಗಳ ಬೇರಿಂಗುಗಳಿವೆ. ದೊಡ್ಡ ಮೀನು ಎಳೆದಾಗ ದಾರ ಹರಿಯದಂತೆ ಹದವಾಗಿ ಬಿಟ್ಟುಕೊಡುವ ಬಿಲ್ಲೆಗಳ ಒಂದು ಬಿರಿಯೂ ಇದೆ. ಸಿಹಿನೀರಿನಲ್ಲಿ ಇವು ಬಹುಕಾಲ ಬಾಳುತ್ತವೆ. ಸಮುದ್ರದಲ್ಲಿ ಹಾಗಲ್ಲ. ಲೀಟರು ಕಡಲ ನೀರಿನಲ್ಲಿ ಸುಮಾರು ೩೫ ಗ್ರಾಂ ಉಪ್ಪಿರುತ್ತದೆ. ಅಲ್ಯೂಮಿನಿಯಂ ತನ್ನ ಮೈಮೇಲೆ ತಾನೇ ಬೆಳೆಸಿಕೊಳ್ಳುವ ತೆಳ್ಳನೆಯ ರಕ್ಷೆಯನ್ನು ಉಪ್ಪು ಅಲ್ಲಲ್ಲಿ ತೂತು ಮಾಡುತ್ತದೆ. ಉಕ್ಕಿನ ತಿರುಪು ಅಲ್ಯೂಮಿನಿಯಂ ಮೈಯಲ್ಲಿ ಕೂತಿರುವೆಡೆ, ಎರಡು ಲೋಹಗಳ ನಡುವೆ ಉಪ್ಪುನೀರು ಸೇರಿ, ಒಂದನ್ನು ಇನ್ನೊಂದು ತಿನ್ನಲು ತೊಡಗುತ್ತದೆ. ನೀರು ಆರಿದರೂ ಉಪ್ಪು ಉಳಿಯುತ್ತದೆ. ಗಾಳಿಯ ತೇವವನ್ನು ಹೀರಿ ತನ್ನ ಕೆಲಸವನ್ನು ಮುಂದುವರಿಸುತ್ತದೆ.

ಆದ್ದರಿಂದ ನನ್ನ ಸ್ನೇಹಿತರು ಕಡಲಿನಿಂದ ಬಂದ ಸಂಜೆಯೇ ರೀಲಿಗೆ ಸ್ನಾನ ಮಾಡಿಸುತ್ತಾರೆ. ಅದಕ್ಕೂ ಕ್ರಮವಿದೆ. ಬಿರಿಯನ್ನು ಮೆಲ್ಲಗೆ ಬಿಗಿಮಾಡಬೇಕು, ಇಲ್ಲವಾದರೆ ನೀರು ಬಿಲ್ಲೆಗಳ ನಡುವೆ ಇಳಿಯುತ್ತದೆ. ಸಿಹಿನೀರನ್ನು ಮಳೆಹನಿಯಂತೆ ಬಿಡಬೇಕು. ಕೊಳವೆಯಿಂದ ರಭಸವಾಗಿ ಹೊಡೆದರೆ ಹೊರಗಿನ ಉಪ್ಪು ಒಳಗೆ ನುಗ್ಗುತ್ತದೆ. ಒರಸಿ ನೆರಳಿನಲ್ಲಿ ಆರಿಸಿ, ಆಮೇಲೆ ಬಿರಿಯನ್ನು ಸಡಿಲಿಸಿ ಇಡಬೇಕು. ಬಿಗಿಯಾಗಿಯೇ ಬಿಟ್ಟರೆ ಬಿಲ್ಲೆಗಳು ಅದುಮಿ ಹೋಗುತ್ತವೆ. ವರ್ಷಕ್ಕೊಮ್ಮೆ ಪೂರ್ತಿ ಬಿಚ್ಚುವ ಕಾರ್ಯ. ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಪಂಚೆಯ ಮೇಲೆ ಸಾಲಾಗಿ ಇಡುತ್ತಾರೆ. ಕಪ್ಪಾದ ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಚಕ್ರದ ಹಲ್ಲುಗಳಿಗೆ ಹೊಸ ಗ್ರೀಸು, ಬೇರಿಂಗಿಗೆ ಒಂದೇ ಹನಿ ಎಣ್ಣೆ. ಬಿರಿಯ ಬಿಲ್ಲೆಗಳಿಗೆ ಮಾತ್ರ ಎಣ್ಣೆ ಸೋಂಕಕೂಡದು. ಸೋಂಕಿದರೆ ಹಿಡಿತವೇ ತಪ್ಪುತ್ತದೆ. ಒಮ್ಮೆ ಅವರು ಕೆಲಸದ ನಡುವೆ ತಲೆಯೆತ್ತದೆ ಹೇಳಿದರು: “ಉಪ್ಪು ಅವಸರ ಮಾಡುವುದಿಲ್ಲ ಮಾಸ್ತರರೆ. ನಾವು ಮರೆಯುವ ತನಕ ಕಾದಿರುತ್ತದೆ.”

ಅಲ್ಲಿದ್ದ ಇನ್ನೊಬ್ಬರು, ವ್ಯವಹಾರಸ್ಥರು, ಒಂದು ಲೆಕ್ಕ ಮುಂದಿಟ್ಟರು. ಒಂದು ಭಾನುವಾರದ ಬೆಲೆ ಎಷ್ಟು? ರೀಲಿನ ಬೆಲೆ ಎಷ್ಟು? ಮೂರು ವರ್ಷ ಬಳಸಿ ಎಸೆದು ಹೊಸದನ್ನು ಕೊಂಡರೆ ನಷ್ಟವೆಲ್ಲಿ? ಈ ಲೆಕ್ಕ ತಪ್ಪೆಂದು ಹೇಳುವುದು ಸುಲಭವಲ್ಲ. ನಮ್ಮ ಕಾಲದ ಬಹುಪಾಲು ವಸ್ತುಗಳ ವಿಷಯದಲ್ಲಿ ಅದು ಸರಿಯೇ ಆಗುತ್ತದೆ; ಬಿಚ್ಚಲು ಬಾರದಂತೆ ಅಂಟಿಸಿ ಮಾರುವ ಸಾಮಾನುಗಳ ವಿಷಯದಲ್ಲಂತೂ ಬೇರೆ ದಾರಿಯೇ ಇಲ್ಲ. ಆದರೆ ಲೆಕ್ಕದಲ್ಲಿ ಬಿಟ್ಟುಹೋದ ಬಾಬೊಂದಿದೆ. ವಸ್ತುವನ್ನು ನೋಡಿಕೊಳ್ಳುವವನು ಆ ಹೊತ್ತಿನಲ್ಲಿ ತಾನೇನಾಗುತ್ತಾನೆ ಎಂಬುದು ಅದು. ಅದನ್ನು ತಿಳಿಯಲು ನನ್ನ ಸ್ನೇಹಿತರ ಪಡಸಾಲೆ ಸಾಲದು. ಅವರದು ಬಿಡುವಿನ ವಿನೋದ. ಹೊಟ್ಟೆಪಾಡಿಗಾಗಿ ಇದೇ ಕೆಲಸ ಮಾಡುವವರನ್ನು ನೋಡಬೇಕು.

ಅವರು ನಮ್ಮಲ್ಲಿಯೇ ಇದ್ದಾರೆ. ಮುನಿರಾಬಾದಿನ ಹಿನ್ನೀರಿನ ಅಂಚಿನಲ್ಲಿ, ಆನೆಗೊಂದಿಯ ಹೊಳೆದಂಡೆಯಲ್ಲಿ ಮೀನು ಹಿಡಿದು ಬಾಳುವ ಅಂಬಿಗರ ಮನೆಗಳಿವೆ. ಹಗಲು ಹೊತ್ತು ಅಲ್ಲಿ ಹೋದವರಿಗೆ ಮೀನು ಹಿಡಿಯುವುದಕ್ಕಿಂತ ಬಲೆ ಹೆಣೆಯುವುದೇ ಹೆಚ್ಚಾಗಿ ಕಾಣುತ್ತದೆ. ಬಲೆಯ ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿ, ನೂಲು ಸುತ್ತಿದ ಸೂಜಿಯಿಂದ ಹರಿದ ಕಣ್ಣುಗಳನ್ನು ಒಂದೊಂದಾಗಿ ಮುಚ್ಚುತ್ತ ಹೋಗುತ್ತಾರೆ. ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿ, ಬಿದಿರಿನ ಹೆಣಿಗೆ ನೋಡಿ, ಸೀಳಿದಲ್ಲಿ ಡಾಂಬರು ಬಳಿಯುತ್ತಾರೆ. ಅವರಲ್ಲೊಬ್ಬ ಹಿರಿಯರನ್ನು, ದಿನಾಲೂ ಇದು ಬೇಸರವಾಗುವುದಿಲ್ಲವೆ ಎಂದು ಕೇಳಿದ್ದೆ. “ಬ್ಯಾಸರಾ ಅಂದ್ರ ಹೆಂಗ್ರಿ ಸರ? ಒಂದ್ ಕಣ್ಣ ಹರದ್ರ ಬಾಜೂದ್ದೂ ಹರೀತೈತಿ. ಹರದ್ ಬಲಿ ನೋಡಿ ಮೀನ ನಗತಾವ್ರಿ,” ಎಂದರು.

ಇಲ್ಲಿ ತತ್ತ್ವಜಿಜ್ಞಾಸುವೊಬ್ಬನು ತಡೆದು ಕೇಳಬಹುದು: ಇದರಲ್ಲಿ ಗುಣವೆಂಬುದು ಎಲ್ಲಿ? ಅಂಬಿಗನಿಗೆ ಹೊಸ ಬಲೆ ಕೊಳ್ಳಲು ಹಣವಿಲ್ಲ. ಆದ್ದರಿಂದ ಹಳೆಯದನ್ನು ಹೆಣೆಯುತ್ತಾನೆ. ಬಡವನ ಅನಿವಾರ್ಯವನ್ನು ಉಳ್ಳವರು ಸದ್ಗುಣವೆಂದು ಹೊಗಳುವುದು ಬಹಳ ಹಳೆಯ ಕಪಟ. ಈ ಆಕ್ಷೇಪ ಗಂಭೀರವಾದದ್ದು. ಹಿಂದೆ ಹತ್ತಿಯ, ಸೆಣಬಿನ ಬಲೆಗಳನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಕಾಪಾಡುತ್ತಿದ್ದ ಮೀನುಗಾರರು, ಕಳೆದ ಶತಮಾನದ ನಡುಭಾಗದ ಈಚೆಗೆ ನೈಲಾನು ಬಂದಂತೆ ಆ ಕಷಾಯವನ್ನು ಬಿಟ್ಟರು. ಬಿಡದೆ ಇರಬೇಕಾಗಿತ್ತೆಂದು ನಾನು ಹೇಳಲಾರೆ. ಕಷ್ಟ ಕಡಿಮೆಯಾದದ್ದು ಒಳ್ಳೆಯದೇ. ಆದರೆ ಕೊಳೆಯದ ನೂಲಿಗೆ ಇನ್ನೊಂದು ಮುಖವೂ ಇದೆ. ಬೇಡವೆಂದು ನೀರಿನಲ್ಲಿ ಬಿಟ್ಟ ನೈಲಾನು ಬಲೆ ಒಡೆಯನಿಲ್ಲದೆಯೂ ಮೀನು ಹಿಡಿಯುತ್ತಲೇ ಇರುತ್ತದೆ. ಆ ಮೀನು ಯಾರ ಮನೆಗೂ ಹೋಗದು.

ಅನಿವಾರ್ಯದ ಆಕ್ಷೇಪಕ್ಕೆ ನನಗೆ ತೋರುವ ಉತ್ತರ ಇದು. ಅಂಬಿಗನು ಏಕೆ ಬಲೆ ಹೆಣೆಯುತ್ತಾನೆಂಬುದನ್ನು ಬಡತನ ಹೇಳುತ್ತದೆ. ಹೇಗೆ ಹೆಣೆಯುತ್ತಾನೆಂಬುದನ್ನು ಹೇಳುವುದಿಲ್ಲ. ಅದೇ ಬಡತನದಲ್ಲಿ ಕೆಟ್ಟದಾಗಿ ಹೆಣೆಯುವವರೂ ಇದ್ದಾರೆ, ಇಂದಿನದನ್ನು ನಾಳೆಗೆ ತಳ್ಳುವವರೂ ಇದ್ದಾರೆ. ಹಾಗೆಯೇ ನನ್ನ ಸ್ನೇಹಿತರಿಗೆ ಭಾನುವಾರ ಏಕೆ ಬಿಡುವಿದೆಯೆಂಬುದನ್ನು ಸಂಬಳ ಹೇಳುತ್ತದೆ. ಆ ಬಿಡುವನ್ನು ಅವರು ಒಂದು ಪುಟ್ಟ ಚಕ್ರದ ಹಲ್ಲುಗಳಿಗೆ ಏಕೆ ಕೊಡುತ್ತಾರೆಂಬುದನ್ನು ಹೇಳುವುದಿಲ್ಲ. ಸ್ಥಿತಿ ಬೇರೆ, ಕಾರಣ ಬೇರೆ. ಸಮಾನವಾದದ್ದು ಒಂದು: ಇನ್ನೂ ಮುರಿಯದಿರುವುದರ ಮೇಲೆ ಕಣ್ಣಿಡುವ ಅಭ್ಯಾಸ. ಮುರಿದ ಮೇಲೆ ಎಲ್ಲರೂ ನೋಡುತ್ತಾರೆ. ಮುರಿಯುವ ಮುಂಚೆ ನೋಡುವುದಕ್ಕೆ ಒಂದು ಬಗೆಯ ವಿನಯ ಬೇಕು. ನನ್ನ ಅನುಕೂಲಕ್ಕೆ ಈ ವಸ್ತು ತನ್ನಷ್ಟಕ್ಕೆ ನಡೆದುಕೊಂಡು ಹೋಗುವುದಿಲ್ಲ, ಲೋಹಕ್ಕೂ ನೂಲಿಗೂ ಅವುಗಳದೇ ಧರ್ಮವಿದೆ ಎಂದು ಒಪ್ಪಿಕೊಳ್ಳುವ ವಿನಯ.

ಈ ಅಭ್ಯಾಸವನ್ನು ನಮ್ಮ ಹಿಂದಿನವರು ವ್ಯಕ್ತಿಯ ಗುಣಕ್ಕೇ ಬಿಟ್ಟುಕೊಟ್ಟಿರಲಿಲ್ಲ. ಕುಷ್ಟಗಿ ಯಲಬುರ್ಗಾಗಳ ಒಣಬೇಸಾಯದ ಊರುಗಳಲ್ಲಿ ಬಡಿಗ ಕಮ್ಮಾರರಿಗೆ ಸುಗ್ಗಿಯಲ್ಲಿ ವರ್ಷಕ್ಕಿಷ್ಟು ಜೋಳವೆಂದು ಆಯ ಸಲ್ಲುತ್ತಿತ್ತು. ಮುಂಗಾರಿಗೆ ಮುಂಚೆ ಕುಂಟೆಯ ಕುಡವನ್ನು ಕುಲುಮೆಗೆ ಒಯ್ದು ಬಡಿಸಿಕೊಂಡು ಬರುವುದು, ಕೂರಿಗೆ ನೇಗಿಲುಗಳನ್ನು ನೆಟ್ಟಗೆ ಮಾಡಿಸಿಕೊಳ್ಳುವುದು ಆ ಜೋಳದಲ್ಲೇ ಸೇರಿದ ಕೆಲಸ. ಇದರಲ್ಲಿ ಒಂದು ಸೂಕ್ಷ್ಮವಿದೆ. ಮುರಿದಾಗಲೆಲ್ಲ ಹಣ ಕೊಡುವ ಪದ್ಧತಿಯಲ್ಲಿ ಹೆಚ್ಚು ಮುರಿದಷ್ಟು ದುರಸ್ತಿಗಾರನಿಗೆ ಲಾಭ. ಆಯದ ಪದ್ಧತಿಯಲ್ಲಿ ಕಡಿಮೆ ಮುರಿದಷ್ಟು ಅವನಿಗೆ ಸುಖ. ಆ ಪದ್ಧತಿ ಜಾತಿಗೆ ಕೆಲಸವನ್ನು ಕಟ್ಟಿಹಾಕಿತ್ತು, ಆಯ ಪಡೆಯುವವನನ್ನು ಕಣದ ಅಂಚಿನಲ್ಲಿ ನಿಲ್ಲಿಸಿತ್ತು. ಅದು ಹೋದದ್ದಕ್ಕೆ ಮರುಗಬೇಕಾಗಿಲ್ಲ. ಅದರೊಳಗಿದ್ದ ವಿವೇಕ ಮಾತ್ರ ಅದರೊಂದಿಗೇ ಹೋಗಬೇಕಾಗಿರಲಿಲ್ಲ.

ಶಾಸನಗಳನ್ನು ಓದುವವರಿಗೆ ಇನ್ನೊಂದು ಸಂಗತಿ ತಿಳಿದಿದೆ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕ್ರಿ. ಶ. ೧೧೧೨ರಲ್ಲಿ ಕಟ್ಟಿಸಿದ ದೇವಾಲಯವನ್ನು ಎಲ್ಲರೂ ಮೆಚ್ಚುತ್ತಾರೆ. ಅಲ್ಲಿಯ ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಆ ಕಾಲದ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತಿನ ಮೇಲೆ ನಮ್ಮ ಕಣ್ಣು ನಿಲ್ಲುವುದು ಕಡಿಮೆ. ಖಂಡಸ್ಫುಟಿತ ಜೀರ್ಣೋದ್ಧಾರ ಎಂಬುದು ಆ ಮಾತು. ಒಡೆದದ್ದನ್ನು, ಬಿರಿದದ್ದನ್ನು, ಹಳತಾದದ್ದನ್ನು ಸರಿಪಡಿಸುವುದಕ್ಕೆಂದೇ ಇಂಥ ಭೂಮಿ, ಇಷ್ಟು ಆದಾಯ ಎಂದು ಬಿಡುತ್ತಿದ್ದರು. ಗುಡಿ ಹೊಸದಾಗಿ ನಿಂತ ದಿನವೇ ಅದು ಬಿರಿಯುವ ದಿನಕ್ಕೆ ಹಣ ಗೊತ್ತುಮಾಡುತ್ತಿದ್ದರೆಂದಾಯಿತು. ಕೆರೆಗಳಿಗೂ ಹೀಗೆಯೇ, ಬಿತ್ತುವಟ್ಟವೆಂದೂ ದಶವಂದವೆಂದೂ ಬೇರೆ ಬೇರೆ ಹೆಸರಿನ ದತ್ತಿಗಳು. ದಾನ ಮಾಡುವುದು, ಮಾಡಿದ ದಾನವನ್ನು ಪಾಲಿಸುವುದು, ಈ ಎರಡರಲ್ಲಿ ಪಾಲನೆಯೇ ಮಿಗಿಲೆಂಬ ಅಭಿಪ್ರಾಯವನ್ನು ಎಷ್ಟೋ ಶಾಸನಗಳು ತಮ್ಮ ಕೊನೆಯಲ್ಲಿ ಹೇಳುತ್ತವೆ. ಕೊಟ್ಟವನಿಗಿಂತ ಕಾಯ್ದವನಿಗೆ ಹೆಚ್ಚಿನ ಫಲ. ರಾಜರೂ ದಂಡನಾಯಕರೂ ತಮ್ಮ ಹೆಸರನ್ನು ಕೆತ್ತಿಸಿದ ಕಲ್ಲಿನಲ್ಲೇ ಈ ಮಾತನ್ನೂ ಕೆತ್ತಿಸಿದರೆಂಬುದು ನನಗೆ ಸೋಜಿಗದ ಸಂಗತಿ.

ಕೊಪ್ಪಳದಲ್ಲಿಯೇ ಗವಿಮಠದ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ನೂರಾರು ವರ್ಷ ಯಾರೂ ಅವನ್ನು ಓದಲಿಲ್ಲ, ಒರಸಲಿಲ್ಲ; ಆದರೂ ಉಳಿದವು. ಬಂಡೆಗೆ ಪಾಲನೆ ಬೇಡವೆನ್ನೋಣ. ಕೆಲಸ ಮಾಡುವ ವಸ್ತುವಿಗೆ ಬೇಕು. ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ಆನೆಗೊಂದಿ ಗಂಗಾವತಿಗಳ ಗದ್ದೆಗಳಿಗೆ ನೀರುಣಿಸುತ್ತಿವೆ. ಅವು ಅಶೋಕನ ಬಂಡೆಯಂತೆ ತಾವಾಗಿ ಉಳಿಯಲಿಲ್ಲ. ತಲೆಮಾರು ತಲೆಮಾರು ಯಾರೋ ಮಣ್ಣು ಎತ್ತಿದರು, ಕುಸಿದ ಏರಿಯನ್ನು ಕಟ್ಟಿದರು. ಕಾಲುವೆ ತೆಗೆಸಿದ ಅರಸರ ಹೆಸರು ಪಠ್ಯಪುಸ್ತಕದಲ್ಲಿದೆ. ಮಣ್ಣೆತ್ತಿದವರ ಹೆಸರು ಎಲ್ಲಿಯೂ ಇಲ್ಲ.

ಈ ವಿಚಾರ ನಮ್ಮ ಭಾಗದವರಿಗೆ ಕೇವಲ ಶಾಸನದ ವಿಚಾರವಾಗಿ ಉಳಿದಿಲ್ಲ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಗೇಟು, ಅದನ್ನು ಹಿಡಿದಿದ್ದ ಸರಪಳಿಯ ಕೊಂಡಿ ತುಂಡಾಗಿ, ಕೊಚ್ಚಿಹೋಯಿತು. ೧೯೪೫ರಲ್ಲಿ ಅಡಿಗಲ್ಲಿಟ್ಟು ೧೯೫೩ರಲ್ಲಿ ನೀರು ನಿಲ್ಲಿಸಿದ ಅಣೆಕಟ್ಟು ಅದು. ೩೩ ಗೇಟುಗಳು, ಒಂದೊಂದೂ ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರ. ಒಂದರ ಕೊಂಡಿ ಕಳಚಿದ್ದಕ್ಕೆ ತುಂಬಿದ ಜಲಾಶಯದ ನೀರನ್ನು ಉಳಿದ ಗೇಟುಗಳನ್ನೂ ತೆರೆದು ಹೊಳೆಗೆ ಬಿಡಬೇಕಾಯಿತು. ಗಂಗಾವತಿಯ ಗದ್ದೆಗಳಲ್ಲಿ ಭತ್ತದ ನಾಟಿಯ ಕಾಲ. ಕಾಲುವೆಯ ಕೆಳಗಿನ ರೈತರು ಆ ವಾರವೆಲ್ಲ ಹೊಲವನ್ನು ಬಿಟ್ಟು ಹೊಳೆಯ ಸುದ್ದಿಯನ್ನೇ ಕೇಳುತ್ತ ಕುಳಿತಿದ್ದರು. ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಆಗಸ್ಟ್ ೧೭ರ ಹೊತ್ತಿಗೆ ಕಂಡಿಯನ್ನು ಮುಚ್ಚಿದರು. ಮುಂದೆ ಮಳೆ ಕೈಹಿಡಿಯಿತು, ಜಲಾಶಯ ತುಂಬಿತು. ಆದರೂ ಉಳಿದ ಗೇಟುಗಳ ಮೇಲಿನ ನಂಬಿಕೆ ಮೊದಲಿನಂತಿರಲಿಲ್ಲ. ೨೦೨೫ರ ಮಳೆಗಾಲದಲ್ಲಿ ಸುಮಾರು ೧೦೫ ಟಿಎಂಸಿ ಹಿಡಿಯುವ ಜಲಾಶಯವನ್ನು ಸುಮಾರು ೮೦ಕ್ಕೆ ನಿಲ್ಲಿಸಬೇಕಾಯಿತು. ಮೊದಲು ೧೩೩ ಟಿಎಂಸಿ ಹಿಡಿಯುತ್ತಿದ್ದುದು ೧೦೫ಕ್ಕೆ ಇಳಿದದ್ದು ಹೂಳಿನಿಂದ. ಅದು ಸದ್ದಿಲ್ಲದೆ ನಡೆಯುತ್ತಿರುವ ಇನ್ನೊಂದು ಕಥೆ.

ಇದಕ್ಕೆ ಯಾರು ಹೊಣೆಯೆಂಬ ಚರ್ಚೆ ಆಗ ಬಹಳ ನಡೆಯಿತು. ಅದನ್ನು ತೀರ್ಮಾನಿಸುವುದು ತಜ್ಞರ ಕೆಲಸ, ನನ್ನದಲ್ಲ. ನನಗೆ ಕಾಣುವುದು ಒಂದು ನೈತಿಕ ತೊಡಕು. ಕಳ್ಳತನಕ್ಕೆ ಕಳ್ಳನಿದ್ದಾನೆ, ಕೊಲೆಗೆ ಕೊಲೆಗಾರನಿದ್ದಾನೆ. ಉಪೇಕ್ಷೆಗೆ ಕರ್ತೃವನ್ನು ತೋರಿಸುವುದು ಕಷ್ಟ. ಅದು ಒಂದು ದಿನ ಒಬ್ಬನು ಮಾಡಿದ ಕಾರ್ಯವಲ್ಲ. ಅನೇಕ ದಿನ ಅನೇಕರು ಮಾಡದೆ ಬಿಟ್ಟ ಕಾರ್ಯ. ಒಂದು ದಿನ ಎಣ್ಣೆ ಹಾಕದಿದ್ದರೆ ಯಾವ ಸರಪಳಿಯೂ ಹರಿಯುವುದಿಲ್ಲ. ಆದ್ದರಿಂದ ಆ ಒಂದು ದಿನ ಬಿಟ್ಟವನು ತಪ್ಪಿತಸ್ಥನಲ್ಲ. ಎರಡನೆಯ ದಿನ ಬಿಟ್ಟವನೂ ಅಲ್ಲ. ಹೀಗೆ ನಿರಪರಾಧಿಗಳ ಸಾಲೊಂದು ಬೆಳೆಯುತ್ತ ಹೋಗಿ ಕೊನೆಗೆ ಅನಾಹುತವೊಂದು ಎದುರು ನಿಲ್ಲುತ್ತದೆ. ಪಾಪ ಪುಣ್ಯಗಳನ್ನು ನಾವು ಕ್ರಿಯೆಗಳಲ್ಲಿ ಮಾತ್ರ ಎಣಿಸುವವರೆಗೆ ಈ ತೊಡಕು ಬಿಡದು.

ಪುಣ್ಯದ ಕಡೆಗೂ ಇದೇ ಅನ್ಯಾಯವಿದೆ. ಆ ವಾರ ಹರಿಯುವ ನೀರಿಗೆ ಹಲಗೆ ಇಳಿಸಿದ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರನ್ನೂ ಅವರೊಡನೆ ದುಡಿದ ಕೆಲಸಗಾರರನ್ನೂ ನಾಡು ಕೊಂಡಾಡಿತು. ಕೊಂಡಾಡಿದ್ದು ತೀರ ಯೋಗ್ಯ. ಅದು ಧೈರ್ಯದ ಕೆಲಸ. ಆದರೆ ಎಪ್ಪತ್ತೊಂದು ವರ್ಷ ಆ ಮೂವತ್ತಮೂರು ಗೇಟುಗಳು ಎದ್ದು ಇಳಿದವಲ್ಲ, ಅಷ್ಟು ಕಾಲ ಮಳೆಯಲ್ಲಿ ಬಿಸಿಲಿನಲ್ಲಿ ಅವಕ್ಕೆ ಗ್ರೀಸು ಬಳಿದವರು ಯಾರು? ಅವರಿಗೆ ಹಾರ ಹಾಕುವ ಸಂದರ್ಭವೇ ಬರಲಿಲ್ಲ. ಏಕೆಂದರೆ ಅವರು ಕೆಲಸ ಚೆನ್ನಾಗಿ ಮಾಡಿದ ದಿನ ಏನೂ ನಡೆಯುತ್ತಿರಲಿಲ್ಲ. ಪಾಲನೆಯ ಫಲವೇ ಅದು: ಏನೂ ನಡೆಯದಿರುವುದು. ಪತ್ರಿಕೆಗೆ ಅದು ಸುದ್ದಿಯಲ್ಲ. ನಮ್ಮ ಮನೆಗಳಲ್ಲಿ ಹೆಂಗಸರು ನಿತ್ಯವೂ ಮಾಡುವ ಕೆಲಸಕ್ಕೂ ಇದೇ ಗತಿ. ಅಡುಗೆಮನೆ ಶುಚಿಯಾಗಿದ್ದ ದಿನ ಯಾರೂ ಅದನ್ನು ಗಮನಿಸುವುದಿಲ್ಲ.

ಮಹಾನವಮಿಯಂದು ನಾವು ಖಂಡೇಪೂಜೆ ಮಾಡುತ್ತೇವೆ. ಕುಂಟೆಗೂ ಲಾರಿಗೂ ಕಂಪ್ಯೂಟರಿಗೂ ಕುಂಕುಮ ಇಡುತ್ತೇವೆ. ಒಳ್ಳೆಯ ಹಬ್ಬ, ವಸ್ತುವಿನ ಋಣವನ್ನು ಒಪ್ಪಿಕೊಳ್ಳುವ ಹಬ್ಬ. ಆದರೆ ಹಿಂದಿನವರು ಪೂಜೆಗೆ ಮುಂಚೆ ಆಯುಧವನ್ನು ತಿಕ್ಕಿ, ಎಣ್ಣೆ ಸವರಿ ಇಡುತ್ತಿದ್ದರು. ತುಕ್ಕಿನ ಮೇಲೆಯೇ ಕುಂಕುಮ ಹಚ್ಚಿದರೆ ಆ ಒಪ್ಪಿಗೆಗೆ ಬೆಲೆಯೇನು?

ಮೊದಲಿಟ್ಟ ಪ್ರಶ್ನೆಗೆ ಈಗ ನನ್ನ ಉತ್ತರವನ್ನು ಹೇಳಬಹುದು. ಕಬ್ಬಿಣಕ್ಕೆ ನಾವು ಋಣಿಗಳಲ್ಲ. ವಸ್ತುವನ್ನೇ ಮೋಹಿಸಿ, ಬಳಸದೆ ಒರಸೊರಸಿ ಇಡುವುದು ಲೋಭದ ಇನ್ನೊಂದು ರೂಪ. ಅದನ್ನು ನಾನು ಹೊಗಳುತ್ತಿಲ್ಲ. ನಾವು ಋಣಿಗಳಾಗಿರುವುದು ಆ ವಸ್ತುವನ್ನು ನಂಬಿ ಅದರ ಕೆಳಗೆ ಬದುಕುವವರಿಗೆ. ರೀಲಿನ ಕೆಳಗೆ ಯಾರೂ ಇಲ್ಲ. ಅದು ಕೆಟ್ಟರೆ ಒಬ್ಬರ ಭಾನುವಾರ ಕೆಟ್ಟೀತು. ಬಲೆಯ ಕೆಳಗೆ ಒಂದು ಸಂಸಾರವಿದೆ. ಗೇಟಿನ ಕೆಳಗೆ ಎಷ್ಟೋ ತಾಲ್ಲೂಕುಗಳಿವೆ. ಋಣದ ಪ್ರಮಾಣ ಬೇರೆ ಬೇರೆಯಾದರೂ ಅದನ್ನು ತೀರಿಸುವ ವಿಧಾನ ಎಲ್ಲೆಡೆಯೂ ಒಂದೇ: ಬಿಚ್ಚಿ ನೋಡುವುದು, ತೊಳೆಯುವುದು, ಸವೆದದ್ದನ್ನು ಬದಲಿಸುವುದು, ಮತ್ತೆ ಜೋಡಿಸುವುದು, ಮುಂದಿನ ವರ್ಷವೂ ಅದನ್ನೇ ಮಾಡುವುದು. ಸಣ್ಣ ವಸ್ತುವಿನಲ್ಲಿ ಈ ಅಭ್ಯಾಸವಿಲ್ಲದ ಸಮಾಜಕ್ಕೆ ದೊಡ್ಡ ವಸ್ತುವಿನಲ್ಲಿ ಅದು ಎಲ್ಲಿಂದ ಬರಬೇಕು?

ಒಂದು ಸೂಚನೆಯನ್ನು ವಾಚಕರ ಮುಂದಿಟ್ಟು ಮುಗಿಸುತ್ತೇನೆ. ಊರೂರಲ್ಲಿ ಸೇತುವೆಗೆ, ನೀರಿನ ತೊಟ್ಟಿಗೆ, ಶಾಲೆಯ ಕೋಣೆಗೆ ಉದ್ಘಾಟನೆಯ ಫಲಕಗಳಿವೆ. ಶಿಲಾನ್ಯಾಸ ಮಾಡಿದವರು, ಅಧ್ಯಕ್ಷತೆ ವಹಿಸಿದವರು, ಉಪಸ್ಥಿತರಿದ್ದವರು ಎಲ್ಲರ ಹೆಸರೂ ಅಲ್ಲಿರುತ್ತದೆ. ಅವರ ಹೆಸರು ಇರಲಿ. ಅದರ ಕೆಳಗೆ ಇನ್ನೊಂದು ಸಾಲಿಗೆ ಸ್ಥಳ ಬಿಡಲಿ: ಇದನ್ನು ವರ್ಷವರ್ಷವೂ ನೋಡಿಕೊಳ್ಳುವವರು ಯಾರು, ಅದಕ್ಕೆ ಹಣ ಎಲ್ಲಿಂದ. ಇಟಗಿಯ ಕಾಲದವರು ಕಲ್ಲಿನ ಮೇಲೆ ಬರೆಯಿಸಲು ಮರೆಯದಿದ್ದ ಸಾಲು ಅದು.